ಮಾಗಡಿ ಕೆರೆಯ ಏರಿಯ ಮೇಲಿದ್ದ ಇಬ್ಬರು

ಸೌಂದರ್ಯಾ ಕೋಂ ಅಜಯಕುಮಾರ, ವಯಸ್ಸು 36 ವರ್ಷ, ಉದ್ಯೋಗ: ಖಾಸಗಿ ಶಾಲೆಯಲ್ಲಿ ಗುಮಾಸ್ತೆ, ಸಾಕಿನ್ ನೇಕಾರ ಓಣಿ, ಬೆಟಗೇರಿ, ತಾಲೂಕು ಮತ್ತು ಜಿಲ್ಲೆ ಗದಗ. ದಿನಾಂಕ 16-01-2025ರಂದು ಸಂಜೆ 4-30 ಗಂಟೆಗೆ ಖುದ್ದಾಗಿ ಠಾಣೆಗೆ ಬಂದು ಬರೆಸುವುದೇನೆಂದರೆ,

ನಾನು ನನ್ನ ಗಂಡ ಹಾಗೂ ಅತ್ತೆ ಬನಶಂಕರೆವ್ವ ಇವರೊಂದಿಗೆ ವಾಸವಾಗಿರುತ್ತೇನೆ. ಅತ್ತೆ ಈಗಲೂ ಮನೆಯಲ್ಲಿ ಕೈಮಗ್ಗ ನೇಯುತ್ತಾರೆ. ರಜೆಯ ದಿನಗಳಲ್ಲಿ ತಿರುಗಾಡಿ ಹಕ್ಕಿ, ಗುಡ್ಡ, ಹಳೆಯ ಗುಡಿಗಳ ಫೋಟೋ ತೆಗೆಯುವುದು ನನ್ನ ಹವ್ಯಾಸ. ಲಕ್ಷ್ಮೇಶ್ವರದ ಗುಡಿ, ಮುಂಡರಗಿ ಕಡೆಯ ಕಪ್ಪತಗುಡ್ಡ ಎಲ್ಲ ತೆಗೆದಿದ್ದೇನೆ. ಅವುಗಳನ್ನು ಫೇಸ್‌ಬುಕ್‌ನಲ್ಲಿ ಹಾಕುತ್ತೇನೆ. ಪ್ರತಿ ಫೋಟೋದ ಮೂಲೆಯಲ್ಲಿ ‘ಸೌಂದರ್ಯಾ, ಬೆಟಗೇರಿ’ ಎಂದು ಬರೆದಿರುತ್ತೇನೆ.

ದಿನಾಂಕ 12ರ ರವಿವಾರ ಬೆಳಿಗ್ಗೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿದ್ದೆ. ಚಳಿಗಾಲಕ್ಕೆ ಬರುವ ಹೆಬ್ಬಾತುಗಳು ಒಮ್ಮೆಲೇ ನೀರಿನಿಂದ ಎದ್ದವು. ಏರಿಯ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಿ ಕುಳಿತಿದ್ದ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ತಲೆ ಎತ್ತಿ ಅವುಗಳನ್ನೇ ನೋಡುತ್ತಿದ್ದರು. ಅವರಿಬ್ಬರೂ ಇದ್ದುದರಿಂದಲೇ ಆ ಚಿತ್ರ ಚೆಂದ ಬಂದಿದೆ ಎಂದು ನನಗೆ ಅನಿಸಿತು. ಅವರು ಯಾರೆಂದು ಗೊತ್ತಿರಲಿಲ್ಲ. ಸಂಕ್ರಾಂತಿಯ ದಿನ ಅದನ್ನು ಫೇಸ್‌ಬುಕ್‌ಗೆ ಹಾಕಿದೆ.

ಮರುದಿನ ಮಧ್ಯಾಹ್ನ ಒಬ್ಬ ಹುಡುಗಿ ಮೆಸೇಜ್ ಕಳಿಸಿ, ಆ ಫೋಟೋ ತೆಗೆದುಹಾಕುವಂತೆ ಕೇಳಿಕೊಂಡಳು. ಕಾರಣ ಕೇಳಿದ್ದಕ್ಕೆ, ಮೊದಲು ತೆಗೆಯಿರಿ, ಆಮೇಲೆ ಹೇಳುತ್ತೇನೆ ಎಂದಳು. ಕೂಡಲೇ ತೆಗೆದೆ. ಅಷ್ಟರಲ್ಲಿ ಯಾರೋ ಹಕ್ಕಿಗಳನ್ನೆಲ್ಲ ಕತ್ತರಿಸಿ, ಅವರಿಬ್ಬರನ್ನಷ್ಟೇ ದೊಡ್ಡದು ಮಾಡಿ, ಶಿರಹಟ್ಟಿಯ ವಾಟ್ಸಾಪ್ ಗುಂಪುಗಳಿಗೆ ಕಳಿಸಿಯಾಗಿತ್ತು.

ಇಂದು ಬೆಳಿಗ್ಗೆ 11ರ ಸುಮಾರಿಗೆ ಅದೇ ಹುಡುಗಿ ನಮ್ಮ ಬಾಗಿಲಿಗೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಡಗಣ್ಣು ಬಾತು ಮುಚ್ಚಿತ್ತು. ಫೋಟೋದ ಮೇಲಿನ ಹೆಸರು ಹಿಡಿದು, ಫೋಟೋ ತೆಗೆಯುವ ಅಕ್ಕನ ಮನೆ ಯಾವುದು ಎಂದು ಓಣಿ ಓಣಿ ಕೇಳುತ್ತ ಬಂದಿದ್ದಳು. ಹೆಸರು ಅಂಕಿತಾ, ವಯಸ್ಸು 22, ಗದಗದಲ್ಲಿ ಬಿ.ಎಡ್ ಓದುತ್ತಿರುವುದಾಗಿಯೂ, ತಂದೆ ದೇವೇಂದ್ರಪ್ಪ ಶಿರಹಟ್ಟಿಯ ಅಡತಿ ವ್ಯಾಪಾರಿ ಎಂದೂ ತಿಳಿಸಿದಳು. ಫೋಟೋದಲ್ಲಿ ಜೊತೆಗಿದ್ದವನು ಮುಂಡರಗಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಕೊಟ್ರೇಶ. ಬೇರೆ ಜಾತಿಯವನು. ಇಬ್ಬರೂ ಮದುವೆಯಾಗಬೇಕೆಂದಿದ್ದರು. ನಿನ್ನೆ ತಂದೆ ಮತ್ತು ಕಾಕಾ ತನ್ನನ್ನು ಹೊಡೆದು, ಮೊಬೈಲ್ ಕಸಿದುಕೊಂಡು, ಬೇರೆ ಕಡೆ ಮದುವೆ ನಿಶ್ಚಯಿಸಿದ್ದಾಗಿ ಹೇಳಿದಳು. ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಬಸ್ಸಿನಲ್ಲಿ ಯಾರದೋ ಫೋನ್ ಪಡೆದು ಕೊಟ್ರೇಶನ ಮನೆಗೆ ಮಾತನಾಡಿದಾಗ, ನಿನ್ನೆ ಸಂಜೆ ಅಂಗಡಿಯಿಂದ ಹೊರಟವನು ಮನೆ ಮುಟ್ಟಿಲ್ಲವೆಂದು ಅವನ ತಾಯಿ ತಿಳಿಸಿದರಂತೆ.

ನನ್ನ ಗಂಡ, ಅವರು ದೊಡ್ಡ ಮಂದಿ, ನಮಗೆ ಈ ಉಸಾಬರಿ ಬೇಡ ಎಂದರು. ಅತ್ತೆ ಮಗ್ಗದಿಂದ ಎದ್ದು ಬಂದು ಹುಡುಗಿಗೆ ಉಣ್ಣಲು ಕೊಟ್ಟರು. ದವಡೆ ನೋವಿನಿಂದ ಅವಳಿಗೆ ಅಗಿಯಲು ಆಗಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರು.

ಮಧ್ಯಾಹ್ನ ದೇವೇಂದ್ರಪ್ಪ, ಅವರ ತಮ್ಮ ಮತ್ತು ಇನ್ನಿಬ್ಬರು ಜೀಪಿನಲ್ಲಿ ಬಂದರು. ದೇವೇಂದ್ರಪ್ಪ ದನಿ ಏರಿಸಲಿಲ್ಲ. ನನ್ನ ಫೋಟೋದಿಂದ ತಮ್ಮ ಮನೆತನ ಬೀದಿಗೆ ಬಂದಿದೆ, ಮಗಳನ್ನಾದರೂ ಸುಮ್ಮನೆ ಕಳಿಸಿಕೊಡು ಎಂದರು. ಅತ್ತೆ ಹೊಸ್ತಿಲಿಗೆ ಅಡ್ಡ ಕುಳಿತು, ಹುಡುಗಿ ಬರುತ್ತೇನೆಂದರೆ ಕರೆದೊಯ್ಯಿರಿ, ಇಲ್ಲದಿದ್ದರೆ ನನ್ನನ್ನು ದಾಟಿ ಹೋಗಬೇಕು ಎಂದರು. ಅಂಕಿತಾ ಒಳಗಿನಿಂದಲೇ ಮಾತನಾಡಿದಳು:

‘ಬರಾಂಗಿಲ್ಲಪ್ಪಾ. ಕೊಟ್ರೇಶನ್ನ ಎಲ್ಲಿ ಇಟ್ಟೀರಿ, ಅದನ್ನ ಹೇಳ್ರಿ.’

ದೇವೇಂದ್ರಪ್ಪ ಅವರ ತಮ್ಮ ನೆಲ ನೋಡಿದ. ಓಣಿಯ ಮಂದಿ ಕೂಡಿದ್ದರಿಂದ, ಕತ್ತಲಾದ ಮೇಲೆ ಬರುತ್ತೇವೆ ಎಂದು ಹೇಳಿ ಹೋದರು. ಆಗ ನನ್ನ ಗಂಡನೇ ಆಟೋ ಕರೆತಂದರು. ನಾವು ನಾಲ್ವರೂ ಠಾಣೆಗೆ ಬಂದೆವು.

ಹುಡುಕಲು ಕೊಟ್ರೇಶನ ಭಾವಚಿತ್ರ ಬೇಕೆಂದು ಸಾಹೇಬರು ಕೇಳಿದರು. ಅಂಕಿತಾಳ ಬಳಿ ಒಂದೂ ಇರಲಿಲ್ಲ. ನನ್ನ ಕ್ಯಾಮೆರಾದಲ್ಲಿದ್ದ ಮೂಲ ಫೋಟೋವನ್ನು ದೊಡ್ಡದು ಮಾಡಿ ತೋರಿಸಿದೆ. ಅವನು ಬಾಯಿ ತೆರೆದು ನಗುತ್ತಿದ್ದಾನೆ. ಪರದೆ ಆರಿಸಬೇಡಿರೆಂದು ಅಂಕಿತಾ ನನ್ನ ಕೈ ಹಿಡಿದಳು.

ಇಷ್ಟು ಬರೆಸುತ್ತಿರುವಾಗ ಅಂಕಿತಾಳ ತಾಯಿ ಸಿದ್ದಲಿಂಗವ್ವ ಒಬ್ಬರೇ ಠಾಣೆಗೆ ಬಂದರು. ಬಸ್ಸಿನಲ್ಲಿ ಬಂದು ಮೊದಲು ನಮ್ಮ ಮನೆಗೆ ಹೋಗಿ, ನೆರೆಯವರು ಹೇಳಿದ್ದರಿಂದ ಇಲ್ಲಿಗೆ ಬಂದಿದ್ದರು. ಮಗಳ ಮುಖ ನೋಡಿದರೂ ಹತ್ತಿರ ಹೋಗಲಿಲ್ಲ. ಸಾಹೇಬರ ಮುಂದೆ ನಿಂತು,

‘ಸೊರಟೂರ ಹೊಲದ ಮನ್ಯಾಗ ಕೂಡಿ ಹಾಕ್ಯಾರ್ರಿ. ಮುಂಜಾನಿ ಆಳಿನ ಕೈಲೆ ನೀರು ಕಳಿಸಿದ್ದೆ, ಆವಾಗ ಜೀವ ಇತ್ತು. ಜಲ್ದಿ ಹೋಗ್ರಿ’ ಎಂದರು.

ಪೊಲೀಸರು ತಕ್ಷಣ ಹೊರಟರು. ನಾವು ಬೆಂಚಿನ ಮೇಲೆ ಕುಳಿತೆವು. ಪ್ರತಿ ಸಲ ಠಾಣೆಯ ಫೋನ್ ರಿಂಗಾದಾಗ ಅಂಕಿತಾ ಎದ್ದು ನಿಲ್ಲುತ್ತಿದ್ದಳು. 6-35ಕ್ಕೆ ಖಬರ ಬಂತು. ಕೈಕಾಲು ಕಟ್ಟಿ ಹಾಕಿದ್ದ ಕೊಟ್ರೇಶ ಸಿಕ್ಕಿದ್ದಾನೆ, ಬಲಗೈ ಮುರಿದಿದೆ, ಮಾತನಾಡುತ್ತಿದ್ದಾನೆ, ಆಸ್ಪತ್ರೆಗೆ ಒಯ್ಯುತ್ತಿದ್ದಾರೆ ಎಂದು ತಿಳಿಸಿದರು. ಅಂಕಿತಾ ನೆಲದ ಮೇಲೆ ಕುಸಿದು ಅತ್ತಳು. ಸಿದ್ದಲಿಂಗವ್ವ ಅಳಲಿಲ್ಲ. ನನ್ನ ಅತ್ತೆಯ ಕಡೆ ತಿರುಗಿ ಕೇಳಿದರು:

‘ಇನ್ನ ನಾ ಯಾ ಮನಿಗಿ ಹೋಗ್ಲೆವಾ?’

ಕಾರಣ, ಕೊಟ್ರೇಶನನ್ನು ಕೂಡಿ ಹಾಕಿದವರ ಮೇಲೂ, ಅಂಕಿತಾಳನ್ನು ಹೊಡೆದವರ ಮೇಲೂ ಕ್ರಮ ಜರುಗಿಸಿ, ಕೊಟ್ರೇಶ ಮತ್ತು ಅಂಕಿತಾ ಇಬ್ಬರಿಗೂ ರಕ್ಷಣೆ ಕೊಡಬೇಕಾಗಿ ವಿನಂತಿ. ರಕ್ಷಣೆ ಬೇಕಾದವರಲ್ಲಿ ಸಿದ್ದಲಿಂಗವ್ವ ಅವರ ಹೆಸರನ್ನೂ ಸೇರಿಸಿಕೊಳ್ಳಿರಿ. ಇಂದಿನಿಂದ ಅವರು ನಮ್ಮ ಮನೆಯಲ್ಲಿರುತ್ತಾರೆ.

ನಾನು ಹೇಳಿದಂತೆ ಬರೆದು ನನಗೆ ಓದಿ ತೋರಿಸಿದ್ದಾರೆ. ಕಂಡದ್ದನ್ನೂ ಕೇಳಿದ್ದನ್ನೂ ಬಿಟ್ಟು ಬೇರೇನೂ ಇದರಲ್ಲಿ ಇಲ್ಲ. ಎಲ್ಲವೂ ಖರೆ ಇರುತ್ತದೆ.

ಸ್ಥಳ: ಬೆಟಗೇರಿ
ದಿನಾಂಕ: 16-01-2025
ಸಹಿ: ಸೌಂದರ್ಯಾ