ಲೂಷಿಯಸ್ ಬಿಟ್ಟುಬಂದ ಕ್ಯಾಡಿಲ್ಯಾಕ್

ಡೆಟ್ರಾಯಿಟಿನ ಬಸ್ ಸ್ಟಾಪಿನಲ್ಲಿ ತನ್ನ ಬಸ್ಸಿಗೆ ಕಾಯುತ್ತ ಕೂತಿದ್ದ ಒಡೆಸ್ಸಾಳಿಗೆ ಪಕ್ಕದ ವಯಸ್ಸಾದ ಅಣ್ಣ-ತಂಗಿಯ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಅಣ್ಣ ಲೂಷಿಯಸನ ಡ್ರೈವಿಂಗ್ ಲೈಸೆನ್ಸನ್ನು ಕಣ್ಣಿನ ಪರೀಕ್ಷೆಯಾದ ಮೇಲೆ ಲೈಸೆನ್ಸ್ ಕಚೇರಿಯವರು ಆಗಷ್ಟೇ ಕಿತ್ತುಕೊಂಡಿದ್ದರು.

“ನನ್ನ ಕ್ಯಾಡಿಲ್ಯಾಕ್ ಕಾರನ್ನ ಆ ಕಚೇರಿ ಹತ್ರಾನೇ ಬಿಟ್ಟು ಬಂದ್ವಲ್ಲೇ, ವರ್ನೆಲ್.”

“ನನ್ನ ಮಗ ಸಂಜೆ ತಂದು ನಿಲ್ಲಿಸ್ತಾನೆ ಅಣ್ಣ. ಇನ್ಮೇಲೆ ಚರ್ಚಿಗೂ ಅವನೇ ಓಡಿಸ್ತಾನಂತೆ. ನೀನು ಸಾಹುಕಾರನ ಹಾಗೆ ಹಿಂದೆ ಕೂತ್ಕೋ.”

“ಜಪಾನಿ ಕಾರು ಕೊಂಡೋನ ಕೈಗೆ ನನ್ನ ಸ್ಟೀರಿಂಗಾ?”

“ಯಾವ್ದಾದ್ರೇನು, ಕಾರು ಕಾರೇ.”

“ಈ ಮಾತು ಅಪ್ಪನ ಮುಂದೆ ಆಡ್ಬೇಕಿತ್ತು ನೀನು. ನಮ್ಮಂಥ ಕರಿಯರಿಗೆ ಕ್ಯಾಡಿಲ್ಯಾಕ್ ಮಾರಲ್ಲ ಅಂತ ಶೋರೂಮಿನವರು ಅಂದಿದ್ದಕ್ಕೆ ಬಿಳಿಯನೊಬ್ಬನ ಹೆಸರಲ್ಲಿ ಕೊಂಡ. ಪೊಲೀಸರು ತಡೆದಾಗೆಲ್ಲ ‘ಧಣಿ ಕಾರು ಸ್ವಾಮಿ, ನಾನು ಡ್ರೈವರ್’ ಅಂತಿದ್ದ.”

“ಡ್ರೈವರ್ ಟೋಪಿ ಬೇರೆ ಹಾಕ್ಕೋತಿದ್ದ.”

“ನಾನು ನನ್ನ ಹೆಸರಲ್ಲೇ ಕೊಂಡೆ. ಫ್ಯಾಕ್ಟರಿಯಲ್ಲಿ ಇದೇ ಕಾರುಗಳಿಗೆ ಬಾಗಿಲು ಕೂರಿಸಿ ಕೂರಿಸಿ ಬೆನ್ನು ಬಗ್ಗಿಸ್ಕೊಂಡೆ. ನನ್ನದು ಅಂತ ಇದ್ದದ್ದು ಇದೊಂದೇ ಕಣೇ.”

“ಮೊನ್ನೆ ಕೆಂಪು ದೀಪ ಕಾಣ್ಲಿಲ್ಲ ನಿನಗೆ. ಹಿಂದಿನ ಸೀಟಲ್ಲಿ ನನ್ನ ಮೊಮ್ಮಗಳಿದ್ಲು.”

ಬಸ್ಸು ಬಂದು ನಿಂತಿತು.

“ಇದೇನಾ ನಮ್ದು?”

“ಇದೇ. ಹತ್ತು.”

“ಇಳಿಯೋ ಜಾಗ ಬಂದ್ರೆ ಡ್ರೈವರಿಗೆ ಏನಂತ ಹೇಳ್ಬೇಕು?”

“ಏನೂ ಹೇಳೋದಿಲ್ಲ. ಕಿಟಕಿ ಉದ್ದಕ್ಕೂ ಒಂದು ಹಗ್ಗ ಇರುತ್ತೆ, ಎಳೆದ್ರೆ ಗಂಟೆ ಹೊಡೆಯುತ್ತೆ, ಅವನು ನಿಲ್ಲಿಸ್ತಾನೆ.”

“ಎಲ್ಲಿದೆ ಹಗ್ಗ?”

ವರ್ನೆಲ್ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿಕೊಂಡಿತು.