ಅವಳು ಅನ್ನಬೇಡ

ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಅವರ ಮನೆಗೆ ಹೋದಾಗ ಮಾತ್ರ ಯಾರೂ ಈ ಮಾತು ಎತ್ತಬೇಡಿ.

ಅವಳು ಚಿತ್ರಶಾಲೆಯಲ್ಲಿ ಗೈಡ್. ಆವತ್ತು ಹೊರಡುವಾಗ ಕತ್ತಲಾಗಿತ್ತು. ಹಿತ್ತಲ ಬಾವಿ ದಾಟಿದರೆ ರಸ್ತೆ. ಬಾವಿ ಹತ್ತಿರವಾಗುತ್ತಲೇ ಬೆನ್ನ ಹಿಂದೆ ಸದ್ದು... ತಟ್... ತಟ್... ತಟ್. ಒಣ ಬ್ರಷ್ಷನ್ನು ಬಿಗಿದ ಬಟ್ಟೆಗೆ ಕುಟ್ಟಿದಂಥ ಸದ್ದು.

ಬೆಳಿಗ್ಗೆ ಅಲ್ಲಿನ ಮುದುಕ ಕಾವಲುಗಾರನ ಜೊತೆ ಜಗಳವಾಗಿತ್ತು. ಅಲ್ಲೊಂದು ಇಂಪ್ರೆಷನಿಸ್ಟ್ ಚಿತ್ರ, ಬಿಳಿ ಫ್ರಾಕಿನ ಮಗುವಿನದು. ಮೂಗು ತಾಗಿಸಿ ನೋಡಿದರೆ ಬರೀ ಬಣ್ಣದ ಚುಕ್ಕೆ, ಹತ್ತು ಹೆಜ್ಜೆ ಹಿಂದೆ ಸರಿದರೆ ಮುಖ. ಬಂದವರಿಗೆಲ್ಲ ಇವಳು ದಿನಾ ಹೇಳುತ್ತಿದ್ದಳು, “ನೋಡಿ, ಎಷ್ಟು ಮುದ್ದಾಗಿ ನಗ್ತಿದ್ದಾಳೆ.”

“ಅದು ಗಂಡು ಮಗು ಕಣಮ್ಮ,” ಎಂದ ಮುದುಕ. “ಆ ಕಾಲದಲ್ಲಿ ಗಂಡುಮಕ್ಕಳಿಗೂ ಫ್ರಾಕ್ ಹಾಕ್ತಿದ್ರು. ಕೆಳಗಿನ ಚೀಟಿಯಲ್ಲೇ ಬರೆದಿದೆ. ಅವಳು ಅನ್ನಬೇಡ. ನಗ್ತಾನೂ ಇಲ್ಲ ಅವನು, ಹಲ್ಲು ಕಡೀತಿದ್ದಾನೆ.”

ಇವಳಿಗೋ ಮೂಗಿನ ತುದಿಯಲ್ಲೇ ಕೋಪ. ಚೀಟಿ ಓದಿಯೂ ಇದ್ದಳು, ಆದರೆ ಹಟ ಬಿಟ್ಟಾಳೆಯೇ? “ನೀವು ಬಾಗಿಲು ಕಾಯಿರಿ, ಸಾಕು. ನನ್ನ ಬಾಯಿ, ಅವಳು ಅಂತಲೇ ಅಂತೀನಿ.”

ಈಗ ಬಾವಿಕಟ್ಟೆಯ ಮೇಲೆ ಏನೋ ಬೆಳ್ಳಗೆ... ಮಗುವಿನ ಮುಖ. ಅಯ್ಯೋ ಬಿದ್ದೀತು ಎಂದು ಹತ್ತಿರ ಓಡಿದಳು. ಹತ್ತಿರ ಹೋದರೆ ಮುಖವೇ ಇಲ್ಲ. ಗಾಳಿಯಲ್ಲಿ ಬರೀ ಚುಕ್ಕೆಗಳು.

“ನಾನು... ಅವಳಾ?” ಪಿಸುದನಿ ಕಿವಿಯ ಬುಡದಲ್ಲೇ.

“ತಪ್ಪಾಯ್ತು...”

“ನಿನಗೂ ಮಗ ಇದ್ದಾನಲ್ಲ?”

“ಅವನ ತಂಟೆಗೆ ಬರಬೇಡ.”

“ಬರಲ್ಲ... ‘ಅವನು’ ಅಂದ್ಯಲ್ಲ, ಅದೇ ಕೊನೆ.”

ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದಳು. ಅತ್ತೆ ಬಾಗಿಲು ತೆಗೆದರು. “ಮೆಲ್ಲಗೆ ಬಾ. ಈಗಷ್ಟೇ ಮಲಗಿದಳು.”

“ಯಾರು?”

“ಇನ್ಯಾರು, ನಿನ್ನ ಮಗ.” ಹೇಳಿ ಅತ್ತೆಯೇ ಬಾಯಿ ಮೇಲೆ ಕೈ ಇಟ್ಟುಕೊಂಡರು.

ತೊಟ್ಟಿಲಲ್ಲಿ ಮಗು ಹಾಗೇ ಇತ್ತು. ಒಂದು ಕೂದಲೂ ಕೊಂಕಿರಲಿಲ್ಲ. ಗಂಡು ಮಗುವೇ. ಆದರೆ ಆ ಮಗುವಿನ ಬಗ್ಗೆ ‘ಬಂದ’, ‘ತಿಂದ’ ಅನ್ನಲು ಆ ರಾತ್ರಿಯಿಂದ ಯಾರ ನಾಲಿಗೆಯೂ ಹೊರಳಲಿಲ್ಲ. ಹೆತ್ತವಳದ್ದೂ ಇಲ್ಲ.

ಈಗ ಆ ಮಗನಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಮೇಷ್ಟರದ್ದೂ ಅದೇ ಪಾಡು, ಹುಡುಗರು ಗೊಳ್ಳೆಂದು ನಗುತ್ತಾರೆ. ಅಮ್ಮನ ಜೊತೆ ಮಾತು ಬಿಟ್ಟು ವರ್ಷವಾಯಿತು. ಅವಳು ಬಡಿಸಿದ ತಟ್ಟೆಯನ್ನು ಕಾಲಲ್ಲಿ ಒದೆಯುವುದೂ ಉಂಟಂತೆ. ಹೆತ್ತವಳು ಅಳುತ್ತಾಳೆ, ಇನ್ನೇನು ಮಾಡಿಯಾಳು.

ಸುಳ್ಳು ಅನ್ನುವವರು ಅನ್ನಲಿ. ಮೊನ್ನೆ ಆ ಹುಡುಗ ನಮ್ಮ ಮನೆಗೂ ಬಂದಿದ್ದಳು. ನಾನೇ ಬಾಗಿಲು ತೆಗೆದೆ.