ಮೊದಲು ಮಾತಾಡಿಸಿದ್ದು ಯಾರು

ಮಗಳ ಅಂಕಪಟ್ಟಿಗೆ ಸಹಿ ಆಗಲೆಂದು ಮನಃಶಾಸ್ತ್ರ ವಿಭಾಗದ ಹೊರಗೆ ಬೆಂಚಿನ ಮೇಲೆ ಕಾದು ಕೂತಿದ್ದೆ. ಪಕ್ಕದಲ್ಲಿ ಅಕ್ಕ ತಂಗಿ ಇಬ್ಬರು. ತಂಗಿಗೆ ಪಿಎಚ್‌ಡಿ ಪ್ರವೇಶದ ಸಂದರ್ಶನ. ಅಕ್ಕ ದನಿ ದಪ್ಪ ಮಾಡಿಕೊಂಡು ಪ್ರೊಫೆಸರರಂತೆ ಪ್ರಶ್ನೆ ಕೇಳುತ್ತಿದ್ದಳು. ನನ್ನ ಕೈಯಲ್ಲಿ ಪೇಪರು ತೆರೆದೇ ಇತ್ತು, ಒಂದು ಸಾಲೂ ಓದಲಿಲ್ಲ.

“ಏನಮ್ಮಾ ನಿನ್ನ ವಿಷಯ?”

“ಮಾತು ಬಿಟ್ಟ ಒಡಹುಟ್ಟಿದವರು ಮತ್ತೆ ಹೇಗೆ ಮಾತಾಡೋಕೆ ಶುರು ಮಾಡ್ತಾರೆ ಅನ್ನೋದು, ಸರ್.”

“ಇದೇ ಯಾಕೆ?”

“ಇದರ ಬಗ್ಗೆ ಅಧ್ಯಯನ ಕಡಿಮೆ ಆಗಿದೆ, ಸರ್.”

“ಪುಸ್ತಕದ ಮಾತು ಬೇಡ. ನಮ್ಮಿಬ್ಬರದ್ದೇ ಹೇಳು.”

“ಮನೆ ಜಗಳಾನ ಅವರ ಮುಂದೆ ಹರವಿಕೊಂಡು ಕೂರ್ಲಾ?”

“ಕೂರು. ಕೊನೆಗೆ ನಾನೇ ಸೋತು ಮಾತಾಡಿಸ್ದೆ ಅಂತಾನೂ ಹೇಳು.”

“ನೀನೆಲ್ಲಿ ಮಾತಾಡಿಸ್ದೆ? ಫೋನ್ ಮಾಡಿದ್ದು ನಾನು.”

“ಅಮ್ಮನ ಮಾತ್ರೆ ಹೆಸರು ಕೇಳೋಕೆ ಮಾಡ್ದೆ. ಅದು ಲೆಕ್ಕಕ್ಕಿಲ್ಲ. ಆಮೇಲೆ ‘ಊಟ ಆಯ್ತಾ’ ಅಂತ ಕೇಳಿದ್ದು ಯಾರು?”

“ಅಕ್ಕ, ಅಮ್ಮ ನನ್ನ ಮನೇಲಿದ್ರು. ದಿನಾ ಆ ಮಾತ್ರೆ ಕೊಡ್ತಿದ್ದವಳು ನಾನೇ. ಹೆಸರು ನಂಗೆ ಬಾಯಿಪಾಠ ಇತ್ತು.”

ನಾನು ಪೇಪರಿನ ಹಾಳೆ ತಿರುಗಿಸುವುದನ್ನೂ ಮರೆತೆ.

ಒಳಗಿನಿಂದ ತಂಗಿಗೆ ಕರೆ ಬಂತು. ಇಬ್ಬರೂ ಎದ್ದರು. ಬಾಗಿಲಿನತ್ತ ನಡೆಯುತ್ತಾ ಅಕ್ಕ ತಂಗಿಯ ಸೆರಗು ಸರಿಮಾಡಿದಳು.

“ನಂಗೂ ಗೊತ್ತಿತ್ತು ಕಣೆ. ಅದಕ್ಕೇ ಆ ಹೆಸರನ್ನ ಒಂದೊಂದೇ ಅಕ್ಷರ ಬಿಡಿಸಿ, ಅಷ್ಟು ನಿಧಾನಕ್ಕೆ ಹೇಳಿದ್ದು.”